ಪ್ರಮಾಣಿಸಿ ನೋಡು: ಬೈಕಿನ ವಿವರಪಟ್ಟಿಯ ಮೂಲಕ ‘ಸಾಮರ್ಥ್ಯ’ದ ಪಾಠ

ಹಿನ್ನೆಲೆ

ಶಾಲಾ ಅನುಭವದ ಅವಧಿಯಲ್ಲಿ ಮಲವಗೊಪ್ಪದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಘಟಕವನ್ನು ಬೋಧಿಸುವ ಕೆಲಸ ನನ್ನ ಪಾಲಿಗೆ ಬಂತು. ಘಟಕದ ಕೊನೆಯ ಭಾಗ ‘ಸಾಮರ್ಥ್ಯ’. ಒಂದು ಸೆಕೆಂಡಿಗೆ ಎಷ್ಟು ಜೂಲ್ ಕೆಲಸ ಎಂಬುದೇ ವ್ಯಾಟ್. ವ್ಯಾಖ್ಯಾನ ಎಲ್ಲರಿಗೂ ಬಾಯಿಗೆ ಬಂದಿತ್ತು, ಲೆಕ್ಕವನ್ನೂ ಮಾಡುತ್ತಿದ್ದರು. ಆದರೆ ಉತ್ತರವಾಗಿ ಬಂದ ಸಂಖ್ಯೆ ನಂಬುವಂಥದ್ದೇ, ಅಲ್ಲವೇ ಎಂದು ಯಾರೂ ಕೇಳುತ್ತಿರಲಿಲ್ಲ. ಪುಸ್ತಕದ ಹಿಂದಿನ ಉತ್ತರಕ್ಕೆ ಹೊಂದಿದರೆ ಸರಿ, ಇಲ್ಲದಿದ್ದರೆ ತಪ್ಪು, ಅಷ್ಟೇ.

ಈ ಶಾಲೆಯ ಮಕ್ಕಳು ದಿನವೂ ಬರುವುದು ಶಿವಮೊಗ್ಗ–ಭದ್ರಾವತಿ ಹೆದ್ದಾರಿಯ ಬದಿಯಲ್ಲಿ. ಆ ರಸ್ತೆಯುದ್ದಕ್ಕೂ ಗ್ಯಾರೇಜು, ಪಂಕ್ಚರ್ ಅಂಗಡಿ, ಸ್ಪೇರ್ ಪಾರ್ಟ್ಸ್ ಅಂಗಡಿಗಳಿವೆ. ವಿರಾಮದಲ್ಲಿ ಹುಡುಗರ ಮಾತೆಲ್ಲ ಗಾಡಿಯದೇ. ಒಂದು ದಿನ ಕಾರಿಡಾರಿನಲ್ಲಿ ಮೂವರು ಜಗಳವಾಡುತ್ತಿದ್ದರು. ಹೀರೋ ಸ್ಪ್ಲೆಂಡರ್ ಪ್ಲಸ್‌ನ ಸಾಮರ್ಥ್ಯ 8.36 ಎಂದು ಒಬ್ಬ, 8.02 ಎಂದು ಇನ್ನೊಬ್ಬ, 7.91 ಎಂದು ಮತ್ತೊಬ್ಬ. ಮೂವರೂ ಮೊಬೈಲಿನಲ್ಲಿ ನೋಡಿಯೇ ಹೇಳಿದ್ದರು. “ಮಿಸ್, ಯಾರದ್ದು ಸರಿ ಹೇಳಿ” ಎಂದು ನನ್ನನ್ನು ನಿಲ್ಲಿಸಿದರು. ಆ ಕ್ಷಣಕ್ಕೆ ನನಗೂ ಗೊತ್ತಿರಲಿಲ್ಲ. ನಾಳೆ ತರಗತಿಯಲ್ಲಿ ಎಲ್ಲರೂ ಸೇರಿ ನೋಡೋಣ ಎಂದೆ. ಈ ಪಾಠ ಹುಟ್ಟಿದ್ದು ಹೀಗೆ.

ಕಲಿಕಾ ಫಲಗಳು

ಮೂರು ಫಲಗಳನ್ನು ಬರೆದುಕೊಂಡೆ. ಸಾಮರ್ಥ್ಯದ ಬೇರೆ ಬೇರೆ ಏಕಮಾನಗಳನ್ನು ಮಕ್ಕಳು ಪರಸ್ಪರ ಪರಿವರ್ತಿಸಬೇಕು. ವಿವರಪಟ್ಟಿಯ ಒಂದು ಸಂಖ್ಯೆಯನ್ನು ಅದೇ ಪಟ್ಟಿಯ ಇನ್ನೊಂದು ಸಂಖ್ಯೆಯಿಂದ ಪರೀಕ್ಷಿಸಬೇಕು. ಸಂಖ್ಯೆಯೊಂದರ ಮೂಲ ಯಾವುದು ಎಂದು ಹುಡುಕಿ, ಮೂಲವನ್ನೂ ನಕಲನ್ನೂ ಬೇರೆ ಮಾಡಬೇಕು. ಗಣಿತದ ‘ಘನಫಲ’ ಪಾಠದ ಸಿಲಿಂಡರ್ ಸೂತ್ರ ಇದಕ್ಕೆ ಪೂರ್ವಜ್ಞಾನ. ಎರಡು ಅವಧಿಗಳಿಗೆ ಯೋಜನೆ ಹಾಕಿದ್ದೆ, ನಾಲ್ಕು ಬೇಕಾದವು. ಏಕೆ ಎಂಬುದು ಮುಂದೆ ಬರುತ್ತದೆ.

ಮೊದಲ ಹಂತ: ಮೂರು ಸಂಖ್ಯೆ, ಒಂದು ಗಾಡಿ

ಕಪ್ಪು ಹಲಗೆಯ ಮೇಲೆ ಮೂರೂ ಸಂಖ್ಯೆಗಳನ್ನು ಬರೆದು, ಪ್ರತಿಯೊಂದರ ಮುಂದೆ ಏಕಮಾನ ಏನಿತ್ತು ಎಂದು ಕೇಳಿದೆ. 8.02ರ ಮುಂದೆ ಪಿಎಸ್ ಇತ್ತು, 7.91ರ ಮುಂದೆ ಬಿಎಚ್‌ಪಿ ಇತ್ತು. ಅದನ್ನು ಯಾರೂ ಗಮನಿಸಿರಲಿಲ್ಲ.

ಎರಡೂ ಅಶ್ವಶಕ್ತಿಯೇ, ಆದರೆ ಕುದುರೆ ಬೇರೆ. ಪಿಎಸ್ ಎಂದರೆ ಮೆಟ್ರಿಕ್ ಅಶ್ವಶಕ್ತಿ: 75 ಕೆಜಿ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಸಾಮರ್ಥ್ಯ. 75ನ್ನು 9.807ರಿಂದ ಗುಣಿಸಿದರೆ ಸುಮಾರು 735.5 ವ್ಯಾಟ್. ಬಿಎಚ್‌ಪಿ ಬ್ರಿಟಿಷ್ ಅಳತೆಯ ಅಶ್ವಶಕ್ತಿ: ಸುಮಾರು 745.7 ವ್ಯಾಟ್. ಮಕ್ಕಳೇ ಲೆಕ್ಕ ಮಾಡಿದರು. 8.02 ಪಿಎಸ್ ಎಂದರೆ 5.9 ಕಿಲೋವ್ಯಾಟ್. 7.91 ಬಿಎಚ್‌ಪಿ ಎಂದರೂ 5.9 ಕಿಲೋವ್ಯಾಟ್. ಎರಡು ಜಗಳ ಒಂದಾಯಿತು.

ಉಳಿದದ್ದು 8.36. ಅದೂ ಪಿಎಸ್, ಅಂದರೆ 6.15 ಕಿಲೋವ್ಯಾಟ್. ಇಲ್ಲಿ ಏಕಮಾನದ ಗೊಂದಲವಿಲ್ಲ, ಗಾಡಿಯೇ ಬೇರೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಹೊಗೆ ನಿಯಮ ಜಾರಿಗೆ ಬಂತು. ಅದಕ್ಕೂ ಹಿಂದಿನ ಬಿಎಸ್ 4 ಸ್ಪ್ಲೆಂಡರ್ ಪ್ಲಸ್‌ನ ಅಂಕಿ 6.15, ನಂತರದ ಬಿಎಸ್ 6 ಗಾಡಿಯದು 5.9. ಹೆಸರು ಒಂದೇ, ಅಂಕಿ ಎರಡು. ಜಗಳವಾಡಿದ ಮೂವರೂ ಸರಿಯಾಗಿಯೇ ಓದಿದ್ದರು. ಆದರೆ ಹೋಲಿಸಬಾರದ್ದನ್ನು ಹೋಲಿಸಿದ್ದರು.

ಇನ್ನೊಬ್ಬ ಹುಡುಗ ತನ್ನ ಅಜ್ಜನ ಯೆಜ್ಡಿಯ ಎಂಜಿನ್ 334 ಸಿಸಿ ಎಂದು ಬರೆದು ತಂದಿದ್ದ. ಯೆಜ್ಡಿ ನಮ್ಮ ಮೈಸೂರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳನ್ನು ತಯಾರಿಸಿ 1996ರಲ್ಲಿ ನಿಂತುಹೋಯಿತು. ಆ ಗಾಡಿಗಳು 250 ಸಿಸಿ ವರ್ಗದ ಟೂ ಸ್ಟ್ರೋಕ್. 334 ಸಿಸಿ ಎಂಬುದು 2022ರಲ್ಲಿ ಅದೇ ಹೆಸರಿನಿಂದ ಮತ್ತೆ ಬಂದ ಫೋರ್ ಸ್ಟ್ರೋಕ್ ಗಾಡಿಯ ಅಂಕಿ. ಹೆಸರನ್ನು ನಂಬಿ ಹುಡುಕಿದರೆ ಮೊಮ್ಮಗನ ಅಳತೆ ಅಜ್ಜನಿಗೆ ಬರುತ್ತದೆ ಎಂದು ಹೇಳಿದಾಗ ತರಗತಿ ನಕ್ಕಿತು.

ಎರಡನೇ ಹಂತ: ಸಂಖ್ಯೆ ಎಲ್ಲಿಂದ ಬರುತ್ತದೆ?

ಈಗ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ. ಮನೆಯಲ್ಲಿರುವ ಅಥವಾ ನೆರೆಮನೆಯ ಒಂದು ಬೈಕಿನ ವಿವರಗಳನ್ನು ಕನಿಷ್ಠ ಮೂರು ಕಡೆಯಿಂದ ತರಬೇಕು: ಆರ್‌ಸಿ, ಗಾಡಿಯ ಜೊತೆ ಬಂದ ಬಳಕೆದಾರರ ಕೈಪಿಡಿ, ಮತ್ತು ಬೇರೆ ಯಾವುದಾದರೂ ಪಟ್ಟಿ. ಆರ್‌ಸಿಯಿಂದ ಸಿಸಿ, ಖಾಲಿ ತೂಕ ಮತ್ತು ತಯಾರಾದ ತಿಂಗಳು–ವರ್ಷ ಇಷ್ಟನ್ನೇ ಬರೆದುಕೊಳ್ಳಬೇಕು, ನೋಂದಣಿ ಸಂಖ್ಯೆ, ಮಾಲೀಕರ ಹೆಸರು ಬೇಡ ಎಂದು ಮೊದಲೇ ಹೇಳಿದ್ದೆ. ಇಂಥ ಚಟುವಟಿಕೆ ಮಾಡಿಸುವ ಸಹಪಾಠಿಗಳು ಈ ಎಚ್ಚರಿಕೆಯನ್ನು ಮರೆಯಬಾರದು.

ಮರುದಿನ ಸಂಖ್ಯೆಯ ಪ್ರಯಾಣವನ್ನು ಹಲಗೆಯ ಮೇಲೆ ಬಿಡಿಸಿದೆವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 126ನೇ ನಿಯಮದ ಪ್ರಕಾರ ಹೊಸ ಮಾದರಿಯ ಮೂಲ ವಾಹನವನ್ನು ತಯಾರಕರು ಗೊತ್ತುಪಡಿಸಿದ ಪರೀಕ್ಷಾ ಸಂಸ್ಥೆಗೆ ಒಪ್ಪಿಸಬೇಕು. ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಅಂಥ ಒಂದು ಸಂಸ್ಥೆ. ನಿಯಮಗಳಿಗೆ ಹೊಂದಿದೆ ಎಂಬ ಪ್ರಮಾಣಪತ್ರ ಸಿಕ್ಕ ಮೇಲೆ ಗಾಡಿ ಮಾರುಕಟ್ಟೆಗೆ ಬರುತ್ತದೆ. ತಯಾರಕರ ಅಂಕಿ ಕೈಪಿಡಿಗೆ ಮತ್ತು ಷೋರೂಮಿನ ಕರಪತ್ರಕ್ಕೆ ಹೋಗುತ್ತದೆ. ಅಲ್ಲಿಂದ ಪತ್ರಿಕೆಗಳಿಗೆ, ಹೋಲಿಕೆ ಪಟ್ಟಿಗಳಿಗೆ, ಅವುಗಳಿಂದ ಇನ್ನೂ ನೂರು ಕಡೆಗೆ.

ಒಂದು ಗುಂಪು ಯಮಹಾ ಆರ್‌ಎಕ್ಸ್ 100ರ ಟಾರ್ಕ್ 10.39 ನ್ಯೂಟನ್ ಮೀಟರ್ ಎಂದು ಐದು ಕಡೆಯಿಂದ ತಂದಿತ್ತು. “ಐದು ಕಡೆ ಒಂದೇ ಇದೆ ಮಿಸ್, ಹಾಗಾದ್ರೆ ಗ್ಯಾರಂಟಿ” ಎಂದ ಗುಂಪಿನ ನಾಯಕ. ಐವರಲ್ಲಿ ಅಳೆದವರು ಯಾರು ಎಂದು ಕೇಳಿದೆ. ಯಾರೂ ಅಳೆದಿರಲಿಲ್ಲ. ಪಕ್ಕದವನ ಉತ್ತರ ನೋಡಿ ಐವರು ಒಂದೇ ಉತ್ತರ ಬರೆದರೆ ಅದು ಐದು ಉತ್ತರವೋ ಒಂದೋ ಎಂದು ಕೇಳಿದ್ದಕ್ಕೆ ಇಡೀ ತರಗತಿಗೆ ಅರ್ಥವಾಯಿತು. ಪರೀಕ್ಷೆಯ ಹಾಲ್ ಅವರಿಗೆ ಚೆನ್ನಾಗಿ ಗೊತ್ತು.

ಮೂರನೇ ಹಂತ: ಸಿಲಿಂಡರ್ ಲೆಕ್ಕ

ನಾವು ಎಂಜಿನ್ ಪರೀಕ್ಷಾಲಯಕ್ಕೆ ಹೋಗಲಾರೆವು. ಆದರೂ ಪಟ್ಟಿಯನ್ನು ಪಟ್ಟಿಯಿಂದಲೇ ಪರೀಕ್ಷಿಸಬಹುದು. ಎಂಜಿನ್‌ನ ಸಿಸಿ ಎಂದರೆ ಪಿಸ್ಟನ್ ಒಂದು ಸಲ ಕೆಳಗಿನಿಂದ ಮೇಲಕ್ಕೆ ಹೋಗುವಾಗ ಗುಡಿಸುವ ಸಿಲಿಂಡರ್‌ನ ಘನಫಲ. ಬೋರ್ ಅದರ ವ್ಯಾಸ, ಸ್ಟ್ರೋಕ್ ಅದರ ಎತ್ತರ. ಮಕ್ಕಳು ಮಾಡಿದ ಲೆಕ್ಕ ಹೀಗಿದೆ:

ಸ್ಪ್ಲೆಂಡರ್ ಪ್ಲಸ್: ಬೋರ್ 50 ಮಿಮೀ, ಸ್ಟ್ರೋಕ್ 49.5 ಮಿಮೀ; ಲೆಕ್ಕದಂತೆ 97.2 ಸಿಸಿ, ಪಟ್ಟಿಯಲ್ಲಿ 97.2.
ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350: 72 ಮತ್ತು 85.8 ಮಿಮೀ, ಲೆಕ್ಕದಂತೆ 349.3, ಪಟ್ಟಿಯಲ್ಲಿ 349.
ಆರ್‌ಎಕ್ಸ್ 100: 50 ಮತ್ತು 50 ಮಿಮೀ, ಲೆಕ್ಕದಂತೆ 98.2, ಪಟ್ಟಿಯಲ್ಲಿ 98.
ಹಳೆಯ ಯೆಜ್ಡಿ: 65 ಮತ್ತು 75 ಮಿಮೀ, ಲೆಕ್ಕದಂತೆ 248.9, ಪಟ್ಟಿಯಲ್ಲಿ 248.5.

ಆರ್‌ಎಕ್ಸ್ 100 ನೂರು ಸಿಸಿ ಅಲ್ಲವೆಂದು ತಿಳಿದು ಕೆಲವರಿಗೆ ಬೇಸರವಾಯಿತು. ಹೆಸರಿನಲ್ಲಿರುವ ಸಂಖ್ಯೆ ವರ್ಗವನ್ನು ಹೇಳುತ್ತದೆಯೇ ಹೊರತು ಅಳತೆಯನ್ನಲ್ಲ ಎಂಬುದು ಇಲ್ಲಿ ತಾನಾಗಿಯೇ ತಿಳಿಯಿತು. ಯೆಜ್ಡಿಯ ಸಾಲಿನಲ್ಲಿ 0.4ರ ವ್ಯತ್ಯಾಸ ಏಕೆ ಎಂಬ ಪ್ರಶ್ನೆ ಬಂತು. 65 ಎಂದು ಬರೆದ ಬೋರ್ ನಿಜವಾಗಿ 64.95 ಇದ್ದರೂ 65 ಎಂದೇ ಬರೆಯುತ್ತಾರೆ, ಆಗ ಉತ್ತರ 248.5ಕ್ಕೆ ಇಳಿಯುತ್ತದೆ, ಆದ್ದರಿಂದ ಇದು ತಪ್ಪಲ್ಲ, ಅಂಕಿ ಕಿರಿದು ಮಾಡಿದ್ದರ ಫಲ ಎಂದು ವಿವರಿಸಿದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮರುದಿನ ನಾನೇ ಅದನ್ನು ಮರೆತೆ.

ನಾಲ್ಕನೇ ಹಂತ: ಟಾರ್ಕ್, ಮತ್ತು ನನ್ನ ತಪ್ಪು

ಟಾರ್ಕ್ ಒಂಬತ್ತನೇ ತರಗತಿಯ ಪಠ್ಯದಲ್ಲಿಲ್ಲ. ಗಾಲಿಯ ನಟ್ಟು ಬಿಚ್ಚುವ ಸ್ಪ್ಯಾನರ್ ತೋರಿಸಿ ಹೇಳಿದೆ: ಹಿಡಿಯ ಉದ್ದವನ್ನು ಬಲದಿಂದ ಗುಣಿಸಿದರೆ ಟಾರ್ಕ್. ಹಿಡಿ ಒಂದು ಸುತ್ತು ಬಂದರೆ ಕೈ ಸಾಗಿದ ದೂರ 2π ಸಲ ಹಿಡಿಯ ಉದ್ದ. ಆದ್ದರಿಂದ ಒಂದು ಸುತ್ತಿನ ಕೆಲಸ ಟಾರ್ಕ್‌ನ 2π ಪಟ್ಟು. ಸೆಕೆಂಡಿಗೆ ಎಷ್ಟು ಸುತ್ತು ಎಂಬುದರಿಂದ ಗುಣಿಸಿದರೆ ಸಾಮರ್ಥ್ಯ. ಬಲ ಮತ್ತು ದೂರದಿಂದಲೇ ಸೂತ್ರ ಬಂದದ್ದರಿಂದ ಮಕ್ಕಳಿಗೆ ಕಷ್ಟವಾಗಲಿಲ್ಲ.

ಸ್ಪ್ಲೆಂಡರ್ ಪ್ಲಸ್ ಬಿಎಸ್ 6ರ ಪಟ್ಟಿ: ಗರಿಷ್ಠ ಸಾಮರ್ಥ್ಯ 8000 ಆರ್‌ಪಿಎಂನಲ್ಲಿ 5.9 ಕಿಲೋವ್ಯಾಟ್, ಗರಿಷ್ಠ ಟಾರ್ಕ್ 6000 ಆರ್‌ಪಿಎಂನಲ್ಲಿ 8.05 ನ್ಯೂಟನ್ ಮೀಟರ್. ಸೂತ್ರ ಹಾಕಿದರೆ 8000 ಆರ್‌ಪಿಎಂನಲ್ಲಿ ಟಾರ್ಕ್ ಸುಮಾರು 7.04. ಅದು ಗರಿಷ್ಠವಾದ 8.05ಕ್ಕಿಂತ ಕಡಿಮೆ. 6000 ಆರ್‌ಪಿಎಂನಲ್ಲಿ ಸಾಮರ್ಥ್ಯ ಸುಮಾರು 5.06 ಕಿಲೋವ್ಯಾಟ್. ಅದು ಗರಿಷ್ಠವಾದ 5.9ಕ್ಕಿಂತ ಕಡಿಮೆ. ಎರಡೂ ಸಂಖ್ಯೆಗಳು ಒಂದಕ್ಕೊಂದು ಸಾಕ್ಷಿಯಾಗಿ ನಿಂತವು.

ಆಮೇಲೆ ಆರ್‌ಎಕ್ಸ್ 100. ಸಾಮಾನ್ಯವಾಗಿ ಸಿಗುವ ಪಟ್ಟಿ: 7500 ಆರ್‌ಪಿಎಂನಲ್ಲಿ 11 ಬಿಎಚ್‌ಪಿ, 6500ರಲ್ಲಿ 10.39 ನ್ಯೂಟನ್ ಮೀಟರ್. 11 ಬಿಎಚ್‌ಪಿ ಎಂದರೆ 8203 ವ್ಯಾಟ್. 7500 ಆರ್‌ಪಿಎಂ ಎಂದರೆ ಸೆಕೆಂಡಿಗೆ 125 ಸುತ್ತು. ಭಾಗಿಸಿದರೆ ಟಾರ್ಕ್ 10.44. ಆದರೆ ಗರಿಷ್ಠ ಟಾರ್ಕ್ 10.39! ಗರಿಷ್ಠಕ್ಕಿಂತ ಹೆಚ್ಚು ಹೇಗೆ ಸಾಧ್ಯ? ಅದೇ 11ನ್ನು ಪಿಎಸ್ ಎಂದು ತೆಗೆದುಕೊಂಡರೆ 10.30 ಬರುತ್ತದೆ, ಎಲ್ಲ ಸರಿಹೋಗುತ್ತದೆ. “ನೋಡಿ, ಎಲ್ಲ ಪಟ್ಟಿಗಳೂ ಏಕಮಾನ ತಪ್ಪಾಗಿ ನಕಲು ಮಾಡಿವೆ. ನಾವು ಭೌತವಿಜ್ಞಾನದಿಂದ ಅದನ್ನು ಹಿಡಿದೆವು” ಎಂದು ಹಲಗೆಯ ಮೇಲೆ ಬಿಎಚ್‌ಪಿಯನ್ನು ಹೊಡೆದುಹಾಕಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಈವರೆಗಿನ ಪಾಠಗಳಲ್ಲಿ ಇದೇ ಉತ್ತಮ ಎಂದುಕೊಂಡು ತರಗತಿಯಿಂದ ಹೊರಬಂದೆ.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: “11 ಎಂಬಲ್ಲಿ ಎಷ್ಟು ಸಾರ್ಥಕ ಅಂಕಿಗಳಿವೆ?”

ಎರಡು. 10.5ರಿಂದ 11.5ರವರೆಗಿನ ಯಾವ ಸಂಖ್ಯೆಯನ್ನಾದರೂ 11 ಎಂದು ಬರೆಯಬಹುದು. ಗಾಡಿಯ ನಿಜವಾದ ಸಾಮರ್ಥ್ಯ 10.8 ಬಿಎಚ್‌ಪಿ ಇದ್ದು ಪಟ್ಟಿಯಲ್ಲಿ 11 ಎಂದು ಬರೆದಿದ್ದರೆ ಟಾರ್ಕ್ 10.25 ಬರುತ್ತದೆ, ಯಾವ ವಿರೋಧವೂ ಇಲ್ಲ. ಇನ್ನೂ ಒಂದು ಅಂಶವಿತ್ತು. 10.39ನ್ನು 9.807ರಿಂದ ಭಾಗಿಸಿದರೆ 1.06 ಬರುತ್ತದೆ. ಹಳೆಯ ಪಟ್ಟಿಗಳು ಟಾರ್ಕ್ ಅನ್ನು ಕೆಜಿ–ಮೀಟರಿನಲ್ಲಿ ಕೊಡುತ್ತಿದ್ದವು. 10.39 ಎಂಬುದು 1.06ರಿಂದ ಪರಿವರ್ತನೆಯಾಗಿ ಬಂದದ್ದಾದರೆ ಅದರಲ್ಲಿ ನಂಬಬಹುದಾದ ಅಂಕಿ ಮೂರೇ. 1.055ರಿಂದ 1.065ರವರೆಗೆ ಎಂದರೆ 10.35ರಿಂದ 10.44ರವರೆಗೆ. ನಾನು ‘ಅಸಾಧ್ಯ’ ಎಂದ 10.44 ಕೂಡ ಆ ಅಂಚಿನಲ್ಲೇ ಇದೆ. ಪಿಎಸ್ ಎಂಬ ನನ್ನ ಊಹೆ ಸರಿಯಿರಬಹುದು. ಆದರೆ ನಾನು ಅದನ್ನು ಸಾಧಿಸಿರಲಿಲ್ಲ. ಯೆಜ್ಡಿಗೆ ಕೊಟ್ಟ ರಿಯಾಯಿತಿಯನ್ನು ಆರ್‌ಎಕ್ಸ್ 100ಕ್ಕೆ ಕೊಡಲಿಲ್ಲ. ಉತ್ತರ ನನಗೆ ಹಿಡಿಸಿತ್ತು, ಅದಕ್ಕೇ ಪರೀಕ್ಷಿಸದೆ ಬಿಟ್ಟೆ.

ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಪಾಠ ಮುಗಿದಿದೆ, ಮಕ್ಕಳು ಒಪ್ಪಿದ್ದಾರೆ, ಪರೀಕ್ಷೆಗೆ ಇದು ಬರುವುದಿಲ್ಲ. ಸುಮ್ಮನೆ ಮುಂದಿನ ಘಟಕಕ್ಕೆ ಹೋಗಬಹುದಿತ್ತು. ಆದರೆ ಮೂಲ ಹುಡುಕಿ, ಪ್ರಮಾಣಿಸಿ ನೋಡಿ ಎಂದು ಮೂರು ದಿನ ಹೇಳಿದವಳೇ ನಾಲ್ಕನೇ ದಿನ ಪರೀಕ್ಷಿಸದ ತೀರ್ಮಾನವೊಂದನ್ನು ನಲವತ್ತು ಮಕ್ಕಳ ನೋಟ್ ಬುಕ್ಕಿನಲ್ಲಿ ಬರೆಸಿದ್ದೆ. ನಾಳೆ ಅವರು ಅದನ್ನೇ ಇನ್ನೊಬ್ಬರಿಗೆ ಹೇಳುತ್ತಾರೆ. ನಕಲಿನ ಸರಪಳಿಗೆ ನಾನೂ ಒಂದು ಕೊಂಡಿಯಾಗಿದ್ದೆ.

ಶಾಲೆಯ ವಿಜ್ಞಾನ ಶಿಕ್ಷಕರನ್ನು ಕೇಳಿ ಇನ್ನೊಂದು ಅವಧಿ ಪಡೆದೆ. ಹಲಗೆಯ ಮೇಲೆ ಅದೇ ಲೆಕ್ಕವನ್ನು 10.5 ಮತ್ತು 11.5ರಿಂದ ಮಾಡಲು ಹೇಳಿದೆ. ಬಿಎಚ್‌ಪಿಯಲ್ಲಿ 9.97ರಿಂದ 10.92, ಪಿಎಸ್‌ನಲ್ಲಿ 9.83ರಿಂದ 10.77. ಎರಡು ವ್ಯಾಪ್ತಿಯಲ್ಲೂ 10.39 ಒಳಗೇ ಬರುತ್ತದೆ. ಮುಂದಿನ ಬೆಂಚಿನ ಹುಡುಗಿ ಕೇಳಿದಳು, “ಹಾಗಾದ್ರೆ ನಿನ್ನೆ ನೀವು ಹೇಳಿದ್ದು ತಪ್ಪಾ ಮಿಸ್?” ಲೆಕ್ಕ ಸರಿ, ತೀರ್ಮಾನ ತಪ್ಪು ಎಂದೆ. ಅವಳು ನಿನ್ನೆಯ ಪುಟವನ್ನು ಹೊಡೆದುಹಾಕಲಿಲ್ಲ. ಕೆಳಗೆ ‘ಖಚಿತವಿಲ್ಲ’ ಎಂದು ಬರೆದುಕೊಂಡಳು. ಅದೇ ಸರಿಯಾದ ಉತ್ತರವಾಗಿತ್ತು.

ಐದನೇ ಹಂತ: ಗ್ಯಾರೇಜಿನಲ್ಲಿ

ಉಳಿದದ್ದು ನಿಜವಾದ ಅಳತೆ. ಒಬ್ಬ ವಿದ್ಯಾರ್ಥಿಯ ಸೋದರಮಾವ ರಸ್ತೆ ಬದಿಯಲ್ಲಿ ಗ್ಯಾರೇಜು ನಡೆಸುತ್ತಾರೆ. ಅಲ್ಲಿ ಒಂದು ಆರ್‌ಎಕ್ಸ್ 100ರ ಎಂಜಿನ್ ಬಿಚ್ಚಿಟ್ಟಿತ್ತು. ಶಾಲೆಯ ವರ್ನಿಯರ್ ಕ್ಯಾಲಿಪರ್ ಹಿಡಿದು, ಮುಖ್ಯ ಶಿಕ್ಷಕರ ಅನುಮತಿ ಪಡೆದು, ಶನಿವಾರ ಹನ್ನೆರಡು ಮಕ್ಕಳೊಂದಿಗೆ ಹೋದೆ. ಮೂರು ಗುಂಪುಗಳು ಸಿಲಿಂಡರ್‌ನ ಒಳವ್ಯಾಸ ಅಳೆದವು: 50.5, 50.4, 50.5 ಮಿಮೀ. ಪಟ್ಟಿಯಲ್ಲಿ 50. ಮಕ್ಕಳು ತಮ್ಮ ಅಳತೆಯೇ ತಪ್ಪಿರಬೇಕೆಂದು ಮತ್ತೆ ಅಳೆಯತೊಡಗಿದರು.

ಮೆಕ್ಯಾನಿಕ್ ನಗುತ್ತಾ ಹೇಳಿದರು: “ಮೇಡಂ, ಇದು ಎರಡು ಸಲ ಬೋರ್ ಆಗಿರೋ ಗಾಡಿ. ಈಗ ಇರೋದು ಐವತ್ತು ಪಾಯಿಂಟ್ ಓವರ್‌ಸೈಜ್ ಪಿಸ್ಟನ್. ಪುಸ್ತಕದಲ್ಲಿ ಬರೆದಿರೋದು ಹೊಸ ಗಾಡಿ ಲೆಕ್ಕ.” ಸಿಲಿಂಡರ್ ಸವೆದಾಗ ಒಳಗೋಡೆಯನ್ನು ಕೊರೆಸಿ ಸ್ವಲ್ಪ ದೊಡ್ಡ ಪಿಸ್ಟನ್ ಹಾಕುತ್ತಾರೆ. ‘ಐವತ್ತು ಪಾಯಿಂಟ್’ ಎಂದರೆ 0.50 ಮಿಮೀ ಹೆಚ್ಚು. 50.5 ಹಾಕಿ ಲೆಕ್ಕ ಮಾಡಿದರೆ 100.1 ಸಿಸಿ. ಹೆಸರಿಗೆ ತಕ್ಕ ಹಾಗೆ ಈಗ ನೂರಾಯಿತು ಎಂದು ಒಬ್ಬ ಕೂಗಿದ.

ಪಟ್ಟಿ ತಪ್ಪಾಗಿರಲಿಲ್ಲ, ಅಳತೆಯೂ ತಪ್ಪಾಗಿರಲಿಲ್ಲ. ಪಟ್ಟಿ ಹೇಳುವುದು ಕಾರ್ಖಾನೆಯಿಂದ ಹೊರಬಂದ ಮಾದರಿಯ ಬಗ್ಗೆ, ನಾವು ಅಳೆದದ್ದು ಬಳಸಿ ಸವೆದ ಒಂದು ಗಾಡಿಯನ್ನು. ತೂಕ ಮತ್ತು ಸಾಮರ್ಥ್ಯಕ್ಕೂ ಇದೇ ಮಾತು. ಕ್ಲಾಸಿಕ್ 350ರ 195 ಕೆಜಿ ಎಂದರೆ ಎಣ್ಣೆ ಮತ್ತು ಶೇ. 90ರಷ್ಟು ಪೆಟ್ರೋಲ್ ಸೇರಿದ ತೂಕ. ಇನ್ನೊಂದು ಗಾಡಿಯ ಪೆಟ್ರೋಲ್ ಇಲ್ಲದ ತೂಕಕ್ಕೆ ಅದನ್ನು ಹೋಲಿಸುವಂತಿಲ್ಲ. ತಯಾರಕರು ಹೇಳುವ ಸಾಮರ್ಥ್ಯ ಕ್ರ್ಯಾಂಕ್‌ನದು. ಹಿಂದಿನ ಚಕ್ರದಲ್ಲಿ ಅಳೆದರೆ ಗೇರು ಮತ್ತು ಚೈನಿನ ಘರ್ಷಣೆಯಿಂದ ಅದು ಕಡಿಮೆಯೇ ಬರುತ್ತದೆ.

ಮೌಲ್ಯಮಾಪನ

ಲಿಖಿತ ಪರೀಕ್ಷೆಯ ಬದಲು ಒಂದು ಯೋಜನೆ ಕೇಳಿದೆ: ನಿಮ್ಮ ಮನೆಯ ಗಾಡಿಯ ಮೈಲೇಜನ್ನು ಹೇಗೆ ಅಳೆಯುತ್ತೀರಿ? ಓಡಿಸುವವರು ದೊಡ್ಡವರು, ಲೆಕ್ಕ ಇಡುವವರು ನೀವು. ಹೆಚ್ಚಿನವರು ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸುವ ವಿಧಾನ ಬರೆದರು. ಒಬ್ಬ ಹುಡುಗಿ ಮುಂದುವರಿದು ಬರೆದಳು: ಎರಡು ಸಲವೂ ಗಾಡಿ ಡಬಲ್ ಸ್ಟ್ಯಾಂಡಿನಲ್ಲೇ ಇರಬೇಕು, ಒಂದೇ ಮಟ್ಟದವರೆಗೆ ತುಂಬಬೇಕು, ತುಂಬುವಾಗ 100 ಮಿಲಿ ಹೆಚ್ಚುಕಡಿಮೆಯಾದರೆ ಒಂದು ಲೀಟರಿಗೆ ಶೇ. 10 ತಪ್ಪು, ಐದು ಲೀಟರಿಗೆ ಶೇ. 2 ಮಾತ್ರ, ಆದ್ದರಿಂದ ಐದು ಲೀಟರ್ ಖರ್ಚಾಗುವವರೆಗೆ ಕಾಯಬೇಕು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮೂಲ ಚೀಟಿ

ಪಾಠ ಮುಗಿಯುವಾಗ ಒಂದು ಚೀಟಿ ತಯಾರಿಸಿದೆವು. ಯಾವುದೇ ಸಂಖ್ಯೆಯನ್ನು ಹೋಲಿಕೆಗೆ ತೆಗೆದುಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಅದರಲ್ಲಿವೆ. ಬೈಕಿನ ಬದಲು ರಾಸಾಯನಿಕ ಗೊಬ್ಬರದ ಚೀಲ, ಬಲ್ಬಿನ ಪೆಟ್ಟಿಗೆ, ಬಿಸ್ಕತ್ತಿನ ಪೊಟ್ಟಣ ಏನನ್ನಾದರೂ ಬಳಸಬಹುದು.

1. ಯಾವ ಮಾದರಿ, ಯಾವ ವರ್ಷದ್ದು?
2. ಏಕಮಾನ ಯಾವುದು?
3. ಯಾವ ಸ್ಥಿತಿಯಲ್ಲಿ ಅಳೆದದ್ದು?
4. ಅಳೆದವರು ಯಾರು, ನಕಲಿಸಿದವರು ಯಾರು?
5. ಎಷ್ಟು ಅಂಕಿಯವರೆಗೆ ನಂಬಬಹುದು?

ಮೊದಲ ನಾಲ್ಕು ಪ್ರಶ್ನೆಗಳು ನನ್ನ ಪಾಠ ಯೋಜನೆಯಲ್ಲೇ ಇದ್ದವು. ಐದನೆಯದು ವೀಕ್ಷಣಾ ಪುಸ್ತಕದಿಂದ ಬಂತು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಮೊದಲ ದಿನವೇ ಹಲಗೆಯ ಮೂಲೆಯಲ್ಲಿ ಬರೆದಿದ್ದೆ. ಅದು ಮಕ್ಕಳಿಗೆಂದು ಬರೆದದ್ದು. ಮುಂದಿನ ಸಲ ಈ ಪಾಠ ಮಾಡುವಾಗ ಸಾರ್ಥಕ ಅಂಕಿಗಳನ್ನು ಸಿಲಿಂಡರ್ ಲೆಕ್ಕದಲ್ಲೇ ಎತ್ತಿಕೊಳ್ಳುತ್ತೇನೆ, ಆರ್‌ಎಕ್ಸ್ 100ರ ಉದಾಹರಣೆಯನ್ನು ಉತ್ತರ ಹೇಳದೆ ಮಕ್ಕಳಿಗೇ ಬಿಡುತ್ತೇನೆ, ಮತ್ತು ನಾಲ್ಕು ಅವಧಿಗಳನ್ನು ಮೊದಲೇ ಕೇಳಿಕೊಳ್ಳುತ್ತೇನೆ. ಈ ಪಾಠವನ್ನು ಬಳಸಲು ಬಯಸುವ ಸಹಪಾಠಿಗಳು ಇಲ್ಲಿರುವ ಅಂಕಿಗಳನ್ನೂ ಒಮ್ಮೆ ಲೆಕ್ಕ ಮಾಡಿಯೇ ತರಗತಿಗೆ ಒಯ್ಯಬೇಕೆಂದು ಕೋರುತ್ತೇನೆ.